ಉಡುಪಿ ರಾಮಚಂದ್ರ ರಾಯರಿಗೆ ಮಹದೇವಪುರದ ಮೇಷ್ಟರ ಪತ್ರ

ಪೂಜ್ಯ ರಾಯರೇ,

ನಿಮಗೆ ನನ್ನ ಪರಿಚಯವಿಲ್ಲ. ಮಹದೇವಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು. ಟಿನ್ ಫ್ಯಾಕ್ಟರಿ ದಾಟಿ ವೈಟ್‌ಫೀಲ್ಡ್ ಕಡೆ ಹೊರಟರೆ ಮೊದಲು ಸಿಗುವ ಊರು ನಮ್ಮದು. 2017ರ ಜುಲೈ 24ರಂದು ಇಂದಿರಾನಗರದ ಮನೆಯಲ್ಲಿ ನೀವು ಕಣ್ಣು ಮುಚ್ಚಿದ ಮೇಲೆ ಈ ಕಡೆ ಏನೇನೋ ಆಗಿದೆ. ಮೆಟ್ರೊ ವೈಟ್‌ಫೀಲ್ಡ್‌ವರೆಗೂ ಬಂದಿದೆ. ಹೊರವರ್ತುಲ ರಸ್ತೆಯ ಇನ್ನೊಂದು ಮಾರ್ಗದಲ್ಲಿ ಮಾರತಹಳ್ಳಿಗೂ ದೊಡ್ಡನೆಕ್ಕುಂದಿಗೂ ನಡುವೆ ‘ಇಸ್ರೊ’ ಹೆಸರಿನ ನಿಲ್ದಾಣವನ್ನೇ ಯೋಜಿಸಿದ್ದಾರೆ. ನೀವು ಕಟ್ಟಿ ಬೆಳೆಸಿದ ಇಸ್ರೊ ಉಪಗ್ರಹ ಕೇಂದ್ರಕ್ಕೆ 2018ರ ಏಪ್ರಿಲ್‌ನಲ್ಲಿ ನಿಮ್ಮ ಹೆಸರಿಟ್ಟರು. ಟ್ರಾಫಿಕ್ ಮಾತ್ರ ಹಾಗೇ ಇದೆ. ಆ ಮಟ್ಟಿಗೆ ನಿಮಗೆ ಊರು ಗುರುತು ಸಿಗುತ್ತದೆ.

ಈ ಪತ್ರ ಬರೆಯಲು ನನ್ನ ಮಕ್ಕಳು ಕಾರಣ. ಶಾಲೆಯ ಮಕ್ಕಳು ಎಂದೆ. ರಾಯಚೂರು, ಯಾದಗಿರಿ, ಅನಂತಪುರದ ಕಡೆಯಿಂದ ದುಡಿಮೆಗೆ ಬಂದವರ ಮಕ್ಕಳು. ಅಪ್ಪ ಟೆಕ್ ಪಾರ್ಕಿನಲ್ಲಿ ಸೆಕ್ಯೂರಿಟಿ, ಅಮ್ಮ ಗಾರ್ಮೆಂಟ್ಸಿಗೋ ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೋ ಹೋಗುತ್ತಾರೆ. ಮನೆಯಲ್ಲಿ ಇರುವುದು ಒಂದೇ ಮೊಬೈಲು, ರಾತ್ರಿ ಅದು ಮಕ್ಕಳ ಕೈಗೆ. ಯೂಟ್ಯೂಬಿನಲ್ಲಿ ಹಾರುವ ತಟ್ಟೆ ನೋಡಿಕೊಂಡು ಬೆಳಗ್ಗೆ ತರಗತಿಗೆ ಬರುತ್ತವೆ. ನಾನು ಬೋರ್ಡಿನ ಮೇಲೆ ಮಸೂರ ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಕೈ ಮೇಲೇಳುತ್ತದೆ: “ಸಾರ್, ಏಲಿಯನ್ಸ್ ನಿಜವಾಗ್ಲೂ ಇದಾರಾ?” ಇನ್ನೊಂದು ಕೈ: “ಭೂಮಿ ಹಾಳಾಗತ್ತಂತೆ ಸಾರ್, ನಾವೆಲ್ಲ ಮಂಗಳಕ್ಕೆ ಹೋಗ್ಬೇಕಂತೆ. ಹಾಕಿಂಗ್ ಹೇಳಿದಾರೆ.”

ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಹೇಳಿದ್ದು ನಿಜ. 2010ರಲ್ಲಿ ಟಿ.ವಿ. ಸರಣಿಯೊಂದರಲ್ಲಿ ಅವರು ಅನ್ಯಲೋಕದವರನ್ನು ಕೂಗಿ ಕರೆಯಬೇಡಿ ಎಂದು ಎಚ್ಚರಿಸಿದರು. ಕೊಲಂಬಸ್ ಬಂದಿಳಿದಾಗ ಅಮೆರಿಕದ ಮೂಲನಿವಾಸಿಗಳಿಗೆ ಆದ ಗತಿಯೇ ನಮಗೂ ಆದೀತು ಎಂಬುದು ಅವರ ಭಯ. ಹಾಗೆ ಹೇಳಿದ ಅವರೇ 2015ರಲ್ಲಿ ಬ್ರೇಕ್‌ಥ್ರೂ ಲಿಸನ್ ಎಂಬ ಹತ್ತು ಕೋಟಿ ಡಾಲರಿನ ಹುಡುಕಾಟಕ್ಕೆ ಬೆಂಬಲವಾಗಿ ನಿಂತರು. ಅದು ಸುಮ್ಮನೆ ಕಿವಿಗೊಟ್ಟು ಕೇಳುವ ಕೆಲಸ, ಕೂಗುವುದಲ್ಲ ಎಂಬುದು ಅವರ ಸಮಾಧಾನ. ಭೂಮಿ ಬಿಡುವ ವಿಷಯ ಇನ್ನೂ ಸ್ವಾರಸ್ಯದ್ದು. 2016ರ ನವೆಂಬರಿನಲ್ಲಿ ಆಕ್ಸ್‌ಫರ್ಡಿನಲ್ಲಿ ಮಾತಾಡುತ್ತ ಮನುಷ್ಯನಿಗೆ ಇಲ್ಲಿ ಇನ್ನು 1,000 ವರ್ಷ ಕಳೆಯುವುದು ಕಷ್ಟ ಎಂದರು. ಮರುವರ್ಷ ಮೇ ತಿಂಗಳಲ್ಲಿ ಬಿಬಿಸಿ ಕಾರ್ಯಕ್ರಮದ ಹೊತ್ತಿಗೆ ಗಡುವು 100 ವರ್ಷಕ್ಕೆ ಇಳಿದಿತ್ತು. ಆರು ತಿಂಗಳಲ್ಲಿ 900 ವರ್ಷ ಕೈಬಿಟ್ಟಿತು! ಕೃಷ್ಣರಂಧ್ರಗಳ ಬಗ್ಗೆ ಅಷ್ಟು ಲೆಕ್ಕಾಚಾರದ ಮನುಷ್ಯ ಇಲ್ಲಿ ಲೆಕ್ಕ ತೋರಿಸಲಿಲ್ಲ. ಅವರ ಮೇಲಿನ ಗೌರವ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ. ನೀವು ಹೋದ ಎಂಟು ತಿಂಗಳಿಗೆ ಅವರೂ ಹೋದರು.

ಮಕ್ಕಳಿಗೆ ಹಾಕಿಂಗ್ ಗೊತ್ತು, ನೀವು ಗೊತ್ತಿಲ್ಲ. ಇದು ನನಗೆ ಕಸಿವಿಸಿ. ಭೂಮಿಯಾಚೆ ಜೀವ ಇದೆಯೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡು ಆಕಾಶದಿಂದಲೇ ಸಾಕ್ಷ್ಯ ಇಳಿಸಿಕೊಂಡು ಬಂದ ಪ್ರಯೋಗದ ಹಿಂದೆ ಅದಮಾರಿನಲ್ಲಿ ಹುಟ್ಟಿ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದ ಒಬ್ಬ ಕನ್ನಡಿಗ ಇದ್ದ ಎಂದು ಹೇಳಿದಾಗ ಅವು ನಂಬಲಿಲ್ಲ. ನಿಮ್ಮ ಪರಿಚಯ ಇರುವವರಿಗೂ ಆರ್ಯಭಟ ಉಪಗ್ರಹ ಗೊತ್ತು, ಈ ಕಥೆ ಗೊತ್ತಿಲ್ಲ. ಪೀಣ್ಯ ಕೈಗಾರಿಕಾ ವಸಾಹತಿನ ನಾಲ್ಕು ಶೆಡ್ಡುಗಳಲ್ಲಿ 360 ಕಿಲೊ ತೂಕದ ಉಪಗ್ರಹ ಕಟ್ಟಿದ್ದು, 1975ರ ಏಪ್ರಿಲ್ 19ರಂದು ರಷ್ಯಾದ ಕಪೂಸ್ತಿನ್ ಯಾರ್‌ನಿಂದ ಅದು ಹಾರಿದ್ದು, ಬೆಂಗಳೂರಿನಲ್ಲಿ ಶೌಚಾಲಯವೊಂದನ್ನೇ ದತ್ತಾಂಶ ಕೇಂದ್ರ ಮಾಡಿಕೊಂಡಿದ್ದು, ಎರಡು ರೂಪಾಯಿ ನೋಟಿನ ಹಿಂದೆ ಅದರ ಚಿತ್ರ ಬಂದದ್ದು, ಇವೆಲ್ಲ ಹೇಳಿ ಹೇಳಿ ಸವೆದ ಕಥೆಗಳು. ಬಲೂನಿನ ಕಥೆಯನ್ನು ಯಾರೂ ಹೇಳುವುದಿಲ್ಲ.

ಅದನ್ನು ನಿಮಗೇ ಹೇಳುವುದು ಉದ್ಧಟತನ. ಆದರೆ ಈ ಪತ್ರವನ್ನು ನಿಮ್ಮ ಹೆಗಲ ಮೇಲಿಂದ ಬಗ್ಗಿ ಓದುವವರೂ ಇದ್ದಾರೆ, ಅವರಿಗಾಗಿ ಹೇಳುತ್ತೇನೆ.

ಜೀವ ಭೂಮಿಯಲ್ಲೇ ಹುಟ್ಟಿತೋ, ಧೂಮಕೇತುಗಳ ಧೂಳಿನೊಡನೆ ಆಕಾಶದಿಂದ ಬಂತೋ? ಎರಡನೆಯದೇ ಸರಿ ಎಂದು ವಾದಿಸಿದವರು ಕೇಂಬ್ರಿಜಿನ ಫ್ರೆಡ್ ಹಾಯ್ಲ್ ಮತ್ತು ಶ್ರೀಲಂಕಾದಲ್ಲಿ ಹುಟ್ಟಿದ ಚಂದ್ರ ವಿಕ್ರಮಸಿಂಘೆ. ಬಹುಪಾಲು ವಿಜ್ಞಾನಿಗಳು ಅವರನ್ನು ನಕ್ಕು ದೂರವಿಟ್ಟರು. ಹಾಯ್ಲ್ ಅವರ ಶಿಷ್ಯ ಜಯಂತ ನಾರಳೀಕರ್ ಮಾತ್ರ ನಗುವ ಬದಲು ಪರೀಕ್ಷಿಸೋಣ ಎಂದರು. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಡೆಸುವ ಬಲೂನ್ ಕೇಂದ್ರವಿತ್ತು, ಇಸ್ರೊ ಕೈಜೋಡಿಸಿತು. ಮೊದಲ ಹಾರಾಟ 2001ರ ಜನವರಿಯಲ್ಲಿ. ಇನ್ನೂ ಹೆಚ್ಚು ಜಾಗರೂಕತೆಯ ಎರಡನೆಯದು 2005ರ ಏಪ್ರಿಲ್‌ನಲ್ಲಿ. ಪ್ರಧಾನ ಸಂಶೋಧಕರು ನಾರಳೀಕರ್. ಮಾರ್ಗದರ್ಶಕರು ಇಬ್ಬರು: ಇಸ್ರೊ ಕಡೆಯಿಂದ ನೀವು, ಜೀವವಿಜ್ಞಾನದ ಕಡೆಯಿಂದ ಪುಷ್ಪ ಮಿತ್ರ ಭಾರ್ಗವ. ಭಾರ್ಗವ ಅವರು ತೀರಿಕೊಂಡಿದ್ದು 2017ರ ಆಗಸ್ಟ್ 1ಕ್ಕೆ, ನಿಮ್ಮ ಹಿಂದೆಯೇ, ಎಂಟು ದಿನದ ಅಂತರದಲ್ಲಿ. ನಾರಳೀಕರ್ 2025ರ ಮೇ 20ರಂದು ಹೋದರು. ಈ ಪ್ರಯೋಗದ ಬಗ್ಗೆ ಕೂತು ಯೋಚಿಸಿದ ಮೂವರು ಹಿರಿಯರೂ ಈಗ ಇಲ್ಲ.

2005ರ ಬಲೂನಿನ ಅಡಿಯಲ್ಲಿ 459 ಕಿಲೊ ತೂಕದ ಉಪಕರಣ. ಅದರಲ್ಲಿ ಹದಿನಾರು ಉಕ್ಕಿನ ಕೊಳವೆಗಳು, ಒಳಗೆ ಗಾಳಿಯಿಲ್ಲದಂತೆ ನಿರ್ವಾತ ಮಾಡಿ, ಒಂದು ಕ್ರಿಮಿಯೂ ಉಳಿಯದಂತೆ ಶುದ್ಧಿ ಮಾಡಿದವು. ಅವನ್ನು 38 ಕಿಲೊ ದ್ರವ ನಿಯಾನಿನಲ್ಲಿ ಅದ್ದಿಟ್ಟಿದ್ದರು. ದ್ರವ ನಿಯಾನ್ ಎಂದರೆ ಸೊನ್ನೆಗಿಂತ ಸುಮಾರು 246 ಡಿಗ್ರಿ ಕೆಳಗೆ. ಆ ಚಳಿಗೆ ಕೊಳವೆಯ ಬಾಯಿ ತೆರೆದ ಕೂಡಲೇ ಹೊರಗಿನ ತೆಳು ಗಾಳಿ ಒಳನುಗ್ಗಿ ಗೋಡೆಗೆ ಹೆಪ್ಪುಗಟ್ಟಿ ಕೂರುತ್ತದೆ. 20 ಕಿಲೋಮೀಟರಿನಿಂದ 41 ಕಿಲೋಮೀಟರ್ ಎತ್ತರದವರೆಗೆ ಬೇರೆ ಬೇರೆ ಮಟ್ಟದಲ್ಲಿ ಹೀಗೆ ಗಾಳಿ ಹಿಡಿದು, ಪ್ಯಾರಾಚೂಟಿನಲ್ಲಿ ಇಳಿಸಿದರು. 41 ಕಿಲೋಮೀಟರ್ ಎಂದರೆ ಅಡ್ಡಡ್ಡ ಹೋದರೆ ಒಂದು ಬಸ್ಸಿನ ದಾರಿ, ನೆಟ್ಟಗೆ ಮೇಲೆ ಹೋದರೆ ಓಜೋನ್ ಪದರದ ದಟ್ಟ ಭಾಗವನ್ನೂ ಮೀರಿ ನೇರಳಾತೀತ ಕಿರಣ ನೇರ ಬಡಿಯುವ ಜಾಗ. ಅಲ್ಲಿ ಜೀವ ಉಳಿಯುವುದು ಸುಲಭವಲ್ಲ.

ಸಿಕ್ಕಿದ್ದನ್ನು ಒಂದೇ ಪ್ರಯೋಗಾಲಯಕ್ಕೆ ಕೊಡಲಿಲ್ಲ. ಹೈದರಾಬಾದಿನ ಸಿಸಿಎಂಬಿ ಒಂದು ಕಡೆ, ಪುಣೆಯ ಎನ್‌ಸಿಸಿಎಸ್ ಇನ್ನೊಂದು ಕಡೆ, ಒಂದೇ ವಿಧಾನ ಹಿಡಿದು ಬೇರೆ ಬೇರೆಯಾಗಿ ನೋಡಿದವು. ಹನ್ನೆರಡು ಬ್ಯಾಕ್ಟೀರಿಯಾ ಗುಂಪುಗಳು, ಆರು ಶಿಲೀಂಧ್ರಗಳು ಬೆಳೆದವು. ಹೆಚ್ಚಿನವು ನೆಲದ ಮೇಲಿನ ಪರಿಚಿತ ಜೀವಿಗಳ ಹತ್ತಿರದ ನೆಂಟರು. ಮೂರು ಮಾತ್ರ ಅಲ್ಲಿಯವರೆಗೆ ಯಾರೂ ಕಂಡಿರದ ಪ್ರಭೇದ, ನೇರಳಾತೀತ ಕಿರಣವನ್ನು ತಮ್ಮ ನೆಂಟರಿಗಿಂತ ಹೆಚ್ಚು ತಡೆದುಕೊಳ್ಳುವಂಥವು. ಅವಕ್ಕೆ ಹೆಸರಿಟ್ಟರು: ಹಾಯ್ಲ್ ನೆನಪಿಗೆ ಜಾನಿಬ್ಯಾಕ್ಟರ್ ಹಾಯ್ಲಿಯೈ, ಇಸ್ರೊ ಹೆಸರಿನಲ್ಲಿ ಬ್ಯಾಸಿಲಸ್ ಇಸ್ರೊನೆನ್ಸಿಸ್, ಮೂರನೆಯದು ಬ್ಯಾಸಿಲಸ್ ಆರ್ಯಭಟ್ಟೈ.

2009ರ ಮಾರ್ಚ್‌ನಲ್ಲಿ ಇಸ್ರೊ ಇದನ್ನು ಪ್ರಕಟಿಸಿದಾಗ ಕೊನೆಯಲ್ಲೊಂದು ಮಾತು ಸೇರಿಸಿತು. ಈ ಜೀವಿಗಳು ಭೂಮಿಯಾಚೆಯಿಂದ ಬಂದವು ಎಂದು ಇಷ್ಟರಿಂದ ಖಚಿತವಾಗಿ ಸ್ಥಾಪಿತವಾಗುವುದಿಲ್ಲ, ಆದರೆ ಹುಡುಕಾಟ ಮುಂದುವರಿಸಲು ಇದು ಉತ್ತೇಜನ ಎಂಬರ್ಥದ ಮಾತು. ರಾಯರೇ, ನನಗೆ ನಿಮ್ಮ ಇಡೀ ಕಥೆಯಲ್ಲಿ ರಾಕೆಟ್ಟಿಗಿಂತ ದೊಡ್ಡದಾಗಿ ಕಾಣುವುದು ಈ ವಾಕ್ಯ. ಸ್ವಲ್ಪ ಉಬ್ಬಿಸಿದ್ದರೆ ಜಗತ್ತಿನ ಪತ್ರಿಕೆಗಳ ಮುಖಪುಟವೆಲ್ಲ ನಿಮ್ಮದಾಗುತ್ತಿತ್ತು. ಎಷ್ಟು ಗೊತ್ತಾಗಿದೆಯೋ ಅಷ್ಟೇ ಹೇಳಿ ಬಾಯಿ ಮುಚ್ಚಿದಿರಿ. ಅನ್ಯಲೋಕದ ಜೀವಿಗಳ ಬಗ್ಗೆ ಒಬ್ಬ ವಿಜ್ಞಾನಿಯ ಅಭಿಪ್ರಾಯ ಏನು ಎಂದು ಮಕ್ಕಳು ಕೇಳಿದರೆ ಈಗ ನಾನು ಕೊಡುವ ಉತ್ತರ ಅದೇ ವಾಕ್ಯ.

ಮುಂದೆ ಆದದ್ದನ್ನು ಕೇಳಿದರೆ ನೀವು ನಕ್ಕೀರಿ. ನಮ್ಮ ಆರ್ಯಭಟ್ಟೈ ಆಮೇಲೆ ನೆಲದಲ್ಲೇ ಅಲ್ಲಲ್ಲಿ ಸಿಕ್ಕಿತು. ಚಹಾ ಗಿಡದ ಬೇರಿನ ಸುತ್ತಲ ಮಣ್ಣಿನಲ್ಲಿ ಒಂದು ತಳಿ. ಮಧ್ಯ ಭಾರತದ ಸೋಯಾ ಹೊಲದಲ್ಲಿ ಮತ್ತೆ ಕೆಲವು, ಅವು ಮಣ್ಣಿನ ಸತುವನ್ನು ಕರಗಿಸಿ ಗಿಡಕ್ಕೆ ಒದಗಿಸುತ್ತವಂತೆ. ಆಕಾಶದಿಂದ ಇಳಿದು ಬಂತು ಎಂದುಕೊಂಡದ್ದು ರೈತನ ಹೊಲದಲ್ಲಿ ಕೂಲಿ ಮಾಡಿಕೊಂಡಿದೆ! ಈಚೆಗೆ ಅದರ ಕುಲದ ಹೆಸರನ್ನೂ ಬದಲಿಸಿ ಪ್ರೀಸ್ಟಿಯ ಮಾಡಿದ್ದಾರೆ. ಇಸ್ರೊನೆನ್ಸಿಸ್ ಕೂಡ ಬ್ಯಾಸಿಲಸ್ ಬಿಟ್ಟು ಸೋಲಿಬ್ಯಾಸಿಲಸ್ ಕುಲಕ್ಕೆ ಹೋಗಿದೆ.

ಇದರಿಂದ ಹಾಯ್ಲ್ ಸೋತರೇ? ಅವಸರ ಬೇಡ ಎಂದು ಮಕ್ಕಳಿಗೆ ಹೇಳುತ್ತೇನೆ. ಮಣ್ಣಿನ ಜೀವಿ ಬಿರುಗಾಳಿಯಲ್ಲೋ ಜ್ವಾಲಾಮುಖಿಯ ಬೂದಿಯಲ್ಲೋ ಮೇಲೆ ಹೋಗಿರಬಹುದು ಎನ್ನುವುದು ಒಂದು ವಾದ. ಮೇಲಿನಿಂದ ಬಿದ್ದದ್ದೇ ಮಣ್ಣಿನಲ್ಲಿ ನೆಲೆಸಿರಬಹುದು ಎನ್ನುವುದು ಇನ್ನೊಂದು. ಒಂದೇ ಸಾಕ್ಷಿ ಎರಡೂ ಕಕ್ಷಿಯ ಪರ ನುಡಿಯುವಂತಿದ್ದರೆ ಮೊಕದ್ದಮೆ ತೀರುವುದಿಲ್ಲ. ನನ್ನ ಮಟ್ಟಿಗೆ ಮೊದಲನೆಯದೇ ಹೆಚ್ಚು ಸಂಭವ, ಯಾಕೆಂದರೆ ಆ ಜೀವಿಗಳ ಆನುವಂಶಿಕ ಭಾಷೆ ನಮ್ಮದೇ. ತೀರ್ಮಾನಕ್ಕೆ ಬೇರೆ ಬಗೆಯ ಪರೀಕ್ಷೆ ಬೇಕು: ಆ ಜೀವಕೋಶದಲ್ಲಿರುವ ಇಂಗಾಲ-12 ಮತ್ತು ಇಂಗಾಲ-13 ಎಂಬ ಐಸೊಟೋಪುಗಳ ಪ್ರಮಾಣ ಭೂಮಿಯದ್ದೋ ಬೇರೆಯದ್ದೋ ಎಂದು ಅಳೆಯುವುದು. ಅದೂ ಪ್ರಯೋಗಾಲಯದ ಆಹಾರ ತಿನ್ನಿಸಿ ಬೆಳೆಸುವ ಮೊದಲೇ ಅಳೆಯಬೇಕು. ಬೆಳೆಸಿದ ಮೇಲೆ ಅದರ ಮೈಯ ಇಂಗಾಲವೆಲ್ಲ ನಾವು ಉಣಿಸಿದ್ದೇ ಆಗಿರುತ್ತದೆ. 2005ರ ಪ್ರಯೋಗ ಜೀವಿಗಳನ್ನು ಬೆಳೆಸಿ ಗುರುತಿಸುವುದಕ್ಕೆ ಹೊಂದಿಸಿದ್ದಾಗಿತ್ತು. ಹಾಗಾಗಿ ಅದು ಎಷ್ಟೇ ಚೊಕ್ಕವಾಗಿದ್ದರೂ ಈ ಪ್ರಶ್ನೆಯನ್ನು ಮುಗಿಸುವ ಶಕ್ತಿ ಅದಕ್ಕಿರಲಿಲ್ಲ. ಇದು ನನ್ನ ತಕರಾರು, ಸಣ್ಣದು.

ಇನ್ನು ಮಂಗಳಕ್ಕೆ ಹೋಗಿ ಬಾಳುವ ಪ್ರಶ್ನೆ. ಇಲ್ಲಿಯೂ ನಾನು ನಿಮ್ಮ ಹಳೆಯ ಕಸುಬನ್ನೇ ಹಿಡಿಯುತ್ತೇನೆ. ಉಪಗ್ರಹದವರು ಆಗುವ ಮೊದಲು ನೀವು ಕಾಸ್ಮಿಕ್ ಕಿರಣದವರು. ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಅವರ ಶಿಷ್ಯರಾಗಿ ಆ ವಿಷಯದಲ್ಲೇ ಪಿಎಚ್.ಡಿ. ಮಾಡಿದಿರಿ. ಅಮೆರಿಕದಲ್ಲಿದ್ದಾಗ ಪಯೋನಿಯರ್ ನೌಕೆಗಳಲ್ಲಿ ಉಪಕರಣ ಕಳಿಸಿ ಗ್ರಹಗಳ ನಡುವಿನ ಬಯಲಿನಲ್ಲಿ ಆ ಕಿರಣಗಳು ಹೇಗೆ ಹರಿಯುತ್ತವೆ ಎಂದು ಅಳೆದಿರಿ. ಮನುಷ್ಯ ಮಂಗಳಕ್ಕೆ ಹೋಗಬೇಕಾದರೆ ಇರುವ ದೊಡ್ಡ ತೊಡಕುಗಳಲ್ಲಿ ಅದೊಂದು. ನೆಲದ ಮೇಲೆ ನಮಗೆ ನೈಸರ್ಗಿಕವಾಗಿ ತಗಲುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್. ಕ್ಯೂರಿಯಾಸಿಟಿ ನೌಕೆ ಮಂಗಳದ ದಾರಿಯಲ್ಲಿ ಅಳೆದದ್ದು ದಿನಕ್ಕೆ ಸುಮಾರು 1.8. ಇಲ್ಲಿನ ವರ್ಷದ ಪಾಲು ಅಲ್ಲಿ ಒಂದೂವರೆ ದಿನದೊಳಗೆ ಮುಗಿಯುತ್ತದೆ, ಹೋಗುವುದಕ್ಕೇ ಆರೇಳು ತಿಂಗಳು ಬೇಕು. ಬೇರೆ ನಕ್ಷತ್ರದ ಮಾತಂತೂ ಬಿಡಿ. ಸೆಕೆಂಡಿಗೆ 17 ಕಿಲೋಮೀಟರ್ ಓಡುವ ವಾಯೇಜರ್-1ರ ವೇಗದಲ್ಲಿ ಹತ್ತಿರದ ನಕ್ಷತ್ರದಷ್ಟು ದೂರ ಹೋಗಲು ಸುಮಾರು 75,000 ವರ್ಷ. ಹಿಂದಿನ ಬೆಂಚಿನವನು ಲೆಕ್ಕ ಮಾಡಿ ನೋಡಿದ. “ಹಾಗಾದ್ರೆ ಇಲ್ಲೇ ಇರೋದು ಒಳ್ಳೇದು ಸಾರ್” ಎಂದ.

ನಿಮ್ಮ ಗುರುಗಳ ನಿಲುವು ಎಲ್ಲರಿಗೂ ಗೊತ್ತಿರುವುದೇ: ಚಂದ್ರನ ಮೇಲೆ ಕಾಲಿಡುವ ಪೈಪೋಟಿಯಲ್ಲಿ ಶ್ರೀಮಂತ ದೇಶಗಳ ಜೊತೆ ಸೆಣಸುವ ಭ್ರಮೆ ನಮಗಿಲ್ಲ, ಆದರೆ ಜನರ ಕಷ್ಟಕ್ಕೆ ತಂತ್ರಜ್ಞಾನ ಬಳಸುವುದರಲ್ಲಿ ಯಾರಿಗೂ ಕಡಿಮೆಯಾಗಬಾರದು. ನೀವು ಆ ದಾರಿಯಲ್ಲೇ ನಡೆದಿರಿ. 1988ರ ಐಆರ್‌ಎಸ್-1ಎ ಉಪಗ್ರಹ ಬೆಳೆ, ಕಾಡು, ಕೆರೆ, ಅಂತರ್ಜಲ ನೋಡಲು ಹೋಯಿತು. (ಅದರ ಹಿಂದೆ ಬಂದ ಉಪಗ್ರಹಗಳ ಕಣ್ಣ ಮುಂದೆಯೇ ಬೆಳ್ಳಂದೂರು ಕೆರೆ ನೊರೆ ಕಾರಿ ಬೆಂಕಿ ಹತ್ತಿಸಿಕೊಂಡಿತು. ಮೇಲಿನಿಂದ ನೋಡುವುದು ವಿಜ್ಞಾನಿಯ ಕೆಲಸ, ಕೆಳಗೆ ಮಾಡಬೇಕಾದವರು ಬೇರೆ.) ಆದರೆ ಇಸ್ರೊ ಅಧ್ಯಕ್ಷಗಿರಿ ಮುಗಿದ ಮೇಲೆ ನೀವು ಗುರುಗಳಿಗಿಂತ ಒಂದು ಹೆಜ್ಜೆ ಮುಂದೆ ಹೋದಿರಿ. ಬಾಹ್ಯಾಕಾಶ ವಿಜ್ಞಾನದ ಸಲಹಾ ಸಮಿತಿಯಲ್ಲಿ ಕೂತು ಚಂದ್ರಯಾನ, ಮಂಗಳಯಾನಗಳಿಗೆ ದಾರಿ ಮಾಡಿಕೊಟ್ಟಿರಿ. ಭೂಮಿಯ ಸುತ್ತ 800 ಕಿಲೋಮೀಟರಿನಲ್ಲಿ ಸುತ್ತಬೇಕಾಗಿದ್ದ ಸೂರ್ಯನನ್ನು ನೋಡುವ ಸಣ್ಣ ಆದಿತ್ಯ ನೌಕೆಯನ್ನು 15 ಲಕ್ಷ ಕಿಲೋಮೀಟರ್ ಆಚೆಯ ಎಲ್-1 ಬಿಂದುವಿಗೆ ಕಳಿಸಲು ಹಟ ಹಿಡಿದವರೂ ನೀವೇ. ಅದು 2024ರ ಜನವರಿ 6ರಂದು ಅಲ್ಲಿ ನೆಲೆಸಿತು. ಅದರ ಮುಖ್ಯ ದೂರದರ್ಶಕ ಜೋಡಣೆಯಾದದ್ದು ನಮ್ಮ ಪಕ್ಕದ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ.

ಮಂಗಳಯಾನದಲ್ಲಿ ಮೀಥೇನ್ ಹುಡುಕುವ ಉಪಕರಣ ಇಟ್ಟಿರಲ್ಲ, ಅದರ ಸುದ್ದಿಯನ್ನೂ ಹೇಳಬೇಕು. ಮೀಥೇನನ್ನು ಜೀವಿಗಳೂ ಉಂಟುಮಾಡುತ್ತವೆ, ಬಂಡೆಗಳೂ ಉಂಟುಮಾಡುತ್ತವೆ. ಸಿಕ್ಕಿದ್ದರೆ ಒಂದು ಸುಳಿವು. ಆ ಉಪಕರಣದಿಂದ ಮೀಥೇನ್ ವಿಷಯದಲ್ಲಿ ಇತ್ಯರ್ಥ ಆಗಲಿಲ್ಲ. ಮಂಗಳದ ನೆಲ ಎಲ್ಲಿ ಎಷ್ಟು ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ ಎಂಬ ನಕ್ಷೆ ಮಾಡಲು ಅದನ್ನು ಬಳಸಿಕೊಂಡರು. 2025ರಲ್ಲಿ ಇನ್ನೊಂದು ಗದ್ದಲ ಎದ್ದಿತು. ನಿಕ್ಕು ಮಧುಸೂದನ್ ಅವರ ಕೇಂಬ್ರಿಜ್ ತಂಡ 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ ಗಾಳಿಯಲ್ಲಿ, ಭೂಮಿಯ ಮೇಲೆ ಸಮುದ್ರದ ಸೂಕ್ಷ್ಮಜೀವಿಗಳು ಬಿಡುವಂಥ ಅನಿಲದ ಗುರುತು ಇರಬಹುದು ಎಂದಿತು. ಬೇರೆಯವರು ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ ಅಷ್ಟು ಹೇಳಲಾಗದು ಎಂದರು. ನಮ್ಮ ಮಕ್ಕಳ ಯೂಟ್ಯೂಬಿನಲ್ಲಿ ಮೊದಲ ಅರ್ಧ ಮಾತ್ರ ಬಂತು.

ನಿಮಗೆ ತೀರ ಖುಷಿಯಾಗುವ ಸುದ್ದಿಗಳು ಎರಡು ಇವೆ. 2025ರ ಜೂನ್-ಜುಲೈನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು. ಅವರ ಜೊತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹೆಸರುಕಾಳು, ಮೆಂತ್ಯ ಕಳಿಸಿತ್ತು, ತೂಕವಿಲ್ಲದ ಜಾಗದಲ್ಲಿ ಮೊಳಕೆ ಹೇಗೆ ಬರುತ್ತದೆ ನೋಡಲು. ನಮ್ಮ ಗಗನಯಾನ ಮಾತ್ರ ಇನ್ನೂ ಮನುಷ್ಯರನ್ನು ಹೊತ್ತು ಹೋಗಿಲ್ಲ.

ಎರಡನೆಯದು ಚಂದ್ರಯಾನ-3. 2023ರ ಆಗಸ್ಟ್ 23ರಂದು ಇಳಿಯಿತು, ಇಳಿಸಿದ ನಿಯಂತ್ರಣ ಕೊಠಡಿ ಇದ್ದದ್ದು ನಿಮ್ಮ ಹಳೆಯ ಪೀಣ್ಯದಲ್ಲೇ. ಎಲ್ಲರೂ ವಿಕ್ರಮ್ ಲ್ಯಾಂಡರ್, ಪ್ರಗ್ಯಾನ್ ರೋವರ್ ನೋಡುತ್ತಿದ್ದಾಗ ಅವನ್ನು ಚಂದ್ರನವರೆಗೆ ಹೊತ್ತೊಯ್ದ ನೋದಕ ಭಾಗದ ಮೇಲೆ ಶೇಪ್ ಎಂಬ ಪುಟ್ಟ ಉಪಕರಣ ಕೂತಿತ್ತು. ತಯಾರಾದದ್ದು ನಿಮ್ಮ ಹೆಸರಿನ ಕೇಂದ್ರದಲ್ಲಿ. ಅದಕ್ಕೆ ಕೊಟ್ಟ ಕೆಲಸ ಚಂದ್ರನನ್ನು ನೋಡುವುದಲ್ಲ, ಅಲ್ಲಿಂದ ತಿರುಗಿ ಭೂಮಿಯನ್ನು ನೋಡುವುದು. ಬೇರೆ ನಕ್ಷತ್ರದ ಸುತ್ತಲಿನ ಗ್ರಹದಲ್ಲಿ ಜೀವ ಇದ್ದರೆ ದೂರದಿಂದ ಅದರ ಬೆಳಕು ಹೇಗೆ ಕಂಡೀತು? ಜೀವ ಇದೆ ಎಂದು ಖಾತ್ರಿಯಿರುವ ಗ್ರಹ ನಮಗೆ ಗೊತ್ತಿರುವುದು ಒಂದೇ. ಆದ್ದರಿಂದ ಮೊದಲು ಅದನ್ನೇ ದೂರ ನಿಂತು ನೋಡಿ ಗುರುತು ಮಾಡಿಕೊಳ್ಳುವುದು. ನೋದಕ ಭಾಗವನ್ನು ಆಮೇಲೆ ಚಂದ್ರನ ಬಳಿಯಿಂದ ಭೂಮಿಯ ಕಕ್ಷೆಗೆ ಮರಳಿ ತಂದರು, ಅಲ್ಲಿಂದಲೂ ಶೇಪ್ ನೋಡಿತು. ಅನ್ಯಲೋಕದವರಿಗೆ ಹೆದರುವುದೂ ಅಲ್ಲ, ಇಲ್ಲಿಂದ ಓಡುವುದೂ ಅಲ್ಲ, ಮೊದಲು ಅಳತೆಗೋಲು ಸರಿಮಾಡಿಕೊಳ್ಳುವ ಕೆಲಸ. ಇದನ್ನು ಓದಿದ ದಿನ ನಿಮ್ಮ ಹೆಸರು ಆ ಕೇಂದ್ರದ ಫಲಕದ ಮೇಲೆ ಇರುವುದು ಸರಿಯಾಗಿಯೇ ಇದೆ ಅನ್ನಿಸಿತು.

ನೀವು ಉತ್ತರ ಬರೆಯಲಾರಿರಿ. ಆದ್ದರಿಂದ ಕೋರಿಕೆಯನ್ನು ನಿಮ್ಮ ಮೂಲಕ ವಿಮಾನಪುರದಲ್ಲೂ ಮಾರತಹಳ್ಳಿಯಲ್ಲೂ ಕೂತಿರುವ ನಿಮ್ಮ ಶಿಷ್ಯರಿಗೆ ಸಲ್ಲಿಸುತ್ತೇನೆ. ಹೈದರಾಬಾದಿನಿಂದ ಬಲೂನನ್ನು ಮತ್ತೊಮ್ಮೆ ಹಾರಿಸಿ. ಈ ಬಾರಿ 41 ಕಿಲೋಮೀಟರಿಗೆ ನಿಲ್ಲದೆ ಆದಷ್ಟು ಮೇಲೆ ಹೋಗಿ, ಸಿಕ್ಕಿದ ಜೀವಕೋಶಗಳನ್ನು ಬೆಳೆಸುವ ಮೊದಲೇ ಅವುಗಳ ಇಂಗಾಲ ಅಳೆಯಿರಿ. ಫಲಿತಾಂಶ ಏನೇ ಬರಲಿ, ಇಲ್ಲ ಎಂದೇ ಬರಲಿ, 2009ರಲ್ಲಿ ಹೇಳಿದಷ್ಟೇ ನೇರವಾಗಿ, ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಪ್ರಕಟಿಸಿ. ನಮ್ಮ ಶಾಲೆ ನಿಮ್ಮ ಗೇಟಿನಿಂದ ದೂರವಿಲ್ಲ. ಯಾರಾದರೂ ಒಬ್ಬರು ಬಂದು ಆ ಮಕ್ಕಳೆದುರು ಒಂದು ತಾಸು ನಿಂತರೆ ಸಾಕು, ಪ್ರಶ್ನೆಗಳು ಅವರ ಬಳಿ ತಯಾರಾಗಿವೆ.

ಇಂತಿ,
ಮಹದೇವಪುರದ ಒಬ್ಬ ವಿಜ್ಞಾನದ ಮೇಷ್ಟ್ರು